ಹನ್ನೊಂದು ಬಿದಿರು ಕೋಲು, ಒಂದು ಕ್ಯಾಶುಯಲ್ ಗ್ಯಾದರಿಂಗ್

ನನ್ನ ತಮ್ಮ ಸುಮಾರು ಐವತ್ತು ವರ್ಷಗಳಿಂದ ಮೀನು ಹಿಡಿಯುವ ಕೋಲಿನ ಹಿಂದೆ ಬಿದ್ದಿದ್ದಾನೆ. ಇದುವರೆಗೆ ಒಂದೇ ಒಂದು ಮೀನಿಗೂ ಆ ವಿಷಯ ಗೊತ್ತಿಲ್ಲ.

ನಂಬಿಕೆ ಬರುತ್ತಿಲ್ಲವೇ? ಗಾಳ ಹಾಕುವ ಜನ ಕೆರೆ ಏರಿಯ ಮೇಲೆ ಕುಳಿತಿರುವುದನ್ನು ನೀವು ನೋಡಿರುತ್ತೀರಿ. ಕೈಯಲ್ಲೊಂದು ಕಡ್ಡಿ, ಕಡ್ಡಿಗೊಂದು ದಾರ, ದಾರಕ್ಕೊಂದು ಕೊಕ್ಕೆ, ಕೊಕ್ಕೆಗೊಂದು ಎರೆಹುಳ. ಅದು ಹೊಟ್ಟೆಪಾಡು, ಅರ್ಥವಾಗುತ್ತದೆ. ಇವನದು ಅದಲ್ಲ. ಇವನದು ಫ್ಲೈ ರಾಡ್. ಬಿದಿರನ್ನು ಸೀಳಿ ಆರು ಸಪೂರ ಪಟ್ಟಿ ಮಾಡಬೇಕು. ಆರಕ್ಕೂ ಹತ್ತರಿ ಹೊಡೆದು ನುಣುಪು ಮಾಡಬೇಕು. ಆರನ್ನೂ ಸೇರಿಸಿ ಅಂಟಿಸಿದರೆ ಪೆನ್ಸಿಲ್ಲಿನಂತೆ ಆರು ಮುಖದ ಒಂದು ಕೋಲಾಗುತ್ತದೆ. ಬುಡದಲ್ಲಿ ಕಿರುಬೆರಳಿನ ದಪ್ಪ, ತುದಿಯಲ್ಲಿ ಹಂಚಿಕಡ್ಡಿಯಷ್ಟು. ದಾರದ ತುದಿಗೆ ಕಟ್ಟುವುದು ಹುಳವಲ್ಲ, ಹುಳದ ವೇಷ ಹಾಕಿದ ಹಕ್ಕಿಪುಕ್ಕ. ಅದನ್ನು ಚಾಟಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಮೆತ್ತಗೆ ಇಳಿಸಬೇಕು. ಮೀನು ಮೋಸ ಹೋಗಬೇಕು. ಇಂಗ್ಲೆಂಡಿನ ಲಾರ್ಡುಗಳು ಹೊತ್ತು ಹೋಗದೆ ಕಂಡುಕೊಂಡ ಆಟ. ಅದು ಆರ್.ಟಿ. ನಗರದಲ್ಲಿ ಈರುಳ್ಳಿಯನ್ನೂ ಒಳಗೆ ಬಿಡದಿದ್ದ ಮನೆಗೆ ಹೇಗೆ ಬಂತು ಎಂದು ಕೇಳಿ.

ಇವನು ಆಗ ಒಂದು ಕಾರ್ಖಾನೆಯ ಟೂಲ್ ರೂಮಿಗೆ ಹೊಸದಾಗಿ ಸೇರಿದ್ದ. ಅಲ್ಲಿನ ಆಂಗ್ಲೋ ಇಂಡಿಯನ್ ಫೋರ್‌ಮನ್ ತಮ್ಮ ತಂದೆಯ ಕಾಲದ ಮುರಿದ ಕೋಲೊಂದನ್ನು ತಂದು, "ಕ್ಯಾನ್ ಯೂ ಮೆಂಡ್ ದಿಸ್, ಮ್ಯಾನ್?" ಅಂದರಂತೆ. ಮೆಂಡ್ ಮಾಡಿಕೊಟ್ಟ. ಆಮೇಲೆ ಇವನನ್ನು ಮೆಂಡ್ ಮಾಡುವವರು ಯಾರೂ ಸಿಗಲಿಲ್ಲ.

ಫೋರ್‌ಮನ್ ಹೇಳಿಕೊಟ್ಟದ್ದೆಲ್ಲ ಇವನಿಗೆ ವೇದವಾಕ್ಯವಾಯಿತು. ಬಿದಿರನ್ನು ವರ್ಷಗಟ್ಟಲೆ ಒಣಗಿಸಬೇಕು, ಕಟ್ಟುಗಳಿಗೆ ರೇಷ್ಮೆ ದಾರವೇ ಆಗಬೇಕು, ಕೊನೆಗೆ ಹಿಡಿಯ ಮೇಲ್ಭಾಗದಲ್ಲಿ ಸಣ್ಣ ನಿಬ್ಬಿನಿಂದ ಏನೋ ಬರೆದು ಅದರ ಮೇಲೆ ವಾರ್ನಿಷ್ ಬಳಿಯಬೇಕು. ಟೂಲ್ ರೂಮಿನ ಜನ, ಪಾರ್ಟ್ ನಂಬರ್ ಬರೆಯದೆ ಅವರಿಗೆ ನಿದ್ದೆ ಬರುವುದಿಲ್ಲ ಎಂದುಕೊಂಡು ನಾನು ಸುಮ್ಮನಾದೆ. ನಮ್ಮಮ್ಮ ಮಾತ್ರ ಒಂದು ಷರತ್ತು ಹಾಕಿದಳು. "ಕೋಲು ಏನಾದ್ರೂ ಮಾಡ್ಕೋ. ಕೊಕ್ಕೆ ಹೊಸಿಲು ದಾಟ್‌ಕೂಡ್ದು."

ಕೊಕ್ಕೆ ದಾಟಲಿಲ್ಲ. ದಾರದ ತುದಿಗೆ ಇವನು ನನ್ನ ಹೆಣಿಗೆಯ ಬುಟ್ಟಿಯಿಂದ ಕದ್ದ ಕೆಂಪು ಉಣ್ಣೆಯ ಚೂರು ಕಟ್ಟಿಕೊಂಡು ತಾರಸಿಯ ಮೇಲೆ ಬೀಸತೊಡಗಿದ. ಪಕ್ಕದ ಮನೆಯ ಆಂಟಿ ಒಂದು ಬೇಸಿಗೆಯಲ್ಲಿ ತಮ್ಮ ತಾರಸಿಯ ಮೇಲೆ ಸಂಡಿಗೆ ಇಟ್ಟಿದ್ದರು. ಇವನು ಬೀಸಿದ ಉಣ್ಣೆ ಗೋಡೆ ದಾಟಿ ಹೋಗಿ, ಒಂದು ಹಸಿ ಸಂಡಿಗೆಗೆ ಅಂಟಿಕೊಂಡು, ಅದನ್ನು ಎತ್ತಿಕೊಂಡು ಆಕಾಶಮಾರ್ಗವಾಗಿ ನಮ್ಮ ಮನೆಗೆ ಬಂತು. ಐವತ್ತು ವರ್ಷದಲ್ಲಿ ಇವನ ಒಟ್ಟು ಬೇಟೆ ಅಷ್ಟೇ. ಆಂಟಿ ಸಂಜೆ ಒಂದು ಡಬ್ಬಿ ಕರಿದ ಸಂಡಿಗೆ ತಂದುಕೊಟ್ಟು ನನಗೆ ಹೇಳಿದರು, "ನಿಮ್ ತಮ್ಮ ಬಾಯ್ಬಿಟ್ಟು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇ?"

ಬಾಯಿ ಬಿಟ್ಟು ಕೇಳುವುದು! ಆಂಟಿಗೆ ಇವನ ಪರಿಚಯ ಸಾಲದು. ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ "ಸೈಲೆನ್ಸ್ ಈಸ್ ಗೋಲ್ಡನ್" ಅನ್ನುತ್ತಿದ್ದರು. ಅವರು ನನ್ನ ತಮ್ಮನ ಜೊತೆ ಒಂದು ಊಟ ಮಾಡಿದ್ದರೆ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದರು. ದಿನಕ್ಕೆ ಒಂದು ಹಿಡಿ ಮಾತು. ಅದರಲ್ಲೂ ಅರ್ಧ ಅಳತೆಗಳು. ಒಮ್ಮೆ ನನ್ನ ದೋಸೆಗೆ ಮೈಕ್ರೋಮೀಟರ್ ಹಿಡಿದು, "ಅಂಚಲ್ಲಿ ಇಪ್ಪತ್ತು ತೌ, ನಡುವೆ ಐವತ್ತು. ಟೇಪರ್ ಚೆನ್ನಾಗಿದೆ ಅಕ್ಕ," ಅಂದ. ಒಂದು ತೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ನನ್ನ ಅಡುಗೆಗೆ ಈ ಜನ್ಮದಲ್ಲಿ ಸಿಕ್ಕ ಕಾಂಪ್ಲಿಮೆಂಟ್ ಅದೊಂದೇ. ಚಟ್ನಿಯ ಬಗ್ಗೆ ಇನ್ನೂ ವರದಿ ಬಂದಿಲ್ಲ.

ಬಿದಿರು ಕೊಳ್ಳಲು ಬೊಂಬು ಬಜಾರಿಗೆ ಇವನ ಜೊತೆ ಹೋದದ್ದು ಒಂದೇ ಸಲ. ಅಲ್ಲಿಗೆ ವಯಸ್ಸಾದ ಅಕ್ಕ ತಮ್ಮ ಬೆಳಿಗ್ಗೆ ಬೆಳಿಗ್ಗೆ ಮುಖ ಸಪ್ಪೆ ಮಾಡಿಕೊಂಡು ಹೋಗಿ ನಿಂತರೆ ಅಂಗಡಿಯವನು ಏನೆಂದುಕೊಳ್ಳಬೇಕು? ಅವನು ಬೀಡಿ ಆರಿಸಿ ಎದ್ದು ನಿಂತ.

"ಯಾವಾಗಾಯ್ತು ಸಾರ್?"

ಇವನಿಗೆ ಪ್ರಶ್ನೆ ಕಿವಿಗೇ ಬೀಳಲಿಲ್ಲ. ಒಂದೊಂದೇ ಬೊಂಬನ್ನು ಬೆರಳಿನಿಂದ ತಟ್ಟಿ ನೋಡುತ್ತ, "ಗಂಟು ದೂರ ದೂರ ಇರ್ಬೇಕು. ನೆಟ್ಟಗಿರ್ಬೇಕು," ಅಂದ.

"ಎಲ್ಲಾ ನೆಟ್ಟಗೇ ಇವೆ ಸಾರ್. ಹಸೀದು ಕೊಡ್ತೀನಿ, ಅದೇ ಅಲ್ವಾ ಪದ್ಧತಿ."

"ಹಸಿ ಆದ್ರೂ ಪರ್ವಾಗಿಲ್ಲ. ಹೇಗೂ ಐದಾರು ವರ್ಷ ಒಣಗಿಸ್ತೀನಿ."

ಅಂಗಡಿಯವನು ನನ್ನ ಕಡೆ ತಿರುಗಿದ. ದನಿ ತಗ್ಗಿಸಿ ಕೇಳಿದ, "ಐದಾರು ವರ್ಷನಾ? ಬಾಡಿ ಎಲ್ಲಿಟ್ಟಿದ್ದೀರಮ್ಮ?"

ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನೀವೂ ನಗಿ, ನನಗೇನು. ನನ್ನ ಹಳೆಯ ಆಫೀಸಿನ ಗೆಳತಿಯರು "ನಿನ್ನ ಬ್ರದರ್ ಹೌ ಕ್ಯೂಟ್" ಅನ್ನುತ್ತಾರೆ. ಕ್ಯೂಟ್ ಎನ್ನುವುದು ಪಕ್ಕದ ಮನೆಯವರ ಪದ. ಅದೇ ಮನೆಯಲ್ಲಿ ಇರುವವರು ಬೇರೆ ಪದ ಹುಡುಕಿಕೊಳ್ಳಬೇಕಾಗುತ್ತದೆ. ನಾನು ನಲವತ್ತು ವರ್ಷ ಸ್ಟೆನೋಗ್ರಾಫರ್ ಆಗಿದ್ದವಳು, ಬೇಕಾದಷ್ಟು ಪದ ಗೊತ್ತು. ಅವುಗಳಲ್ಲಿ ಮೊದಲನೆಯದು "ಆಬ್ಸೆಂಟ್."

ನನಗೆ ಇಪ್ಪತ್ತೆಂಟು ವರ್ಷವಾಗಿದ್ದಾಗ ನಿಶ್ಚಿತಾರ್ಥವಾಗಿ ಎರಡು ತಿಂಗಳಿಗೆ ಗಂಡಿನ ಕಡೆಯಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಎರಡು ತಪ್ಪಿದ್ದವು, ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ ನಾನು ಬೀರುವಿನಲ್ಲಿಟ್ಟೆ. ಅಮ್ಮ ಅಡುಗೆಮನೆಯಲ್ಲಿ ಅತ್ತಳು. ಅಪ್ಪ ಮಡಿಸಿದ ಪೇಪರನ್ನೇ ಮತ್ತೆ ಮತ್ತೆ ಮಡಿಸಿದರು. ತಮ್ಮ ಏನು ಮಾಡಿದ? ಹಿತ್ತಲಲ್ಲಿ ತಗಡಿನ ಶೆಡ್ಡೊಂದಿತ್ತು, ಅದರೊಳಗೆ ಹೋದ. ಮೂರು ತಿಂಗಳು ಅಲ್ಲಿಂದ ಹತ್ತರಿಯ ಸದ್ದು ಬಿಟ್ಟರೆ ಬೇರೆ ಏನೂ ಹೊರಗೆ ಬರಲಿಲ್ಲ. ಸರ್ರ್, ಸರ್ರ್. ನಾನು ಕೋಣೆಯಲ್ಲಿ ಮಲಗಿ ಅದನ್ನೇ ಕೇಳುತ್ತಿದ್ದೆ. "ಹೋಗ್ಲಿ ಬಿಡು ಅಕ್ಕ" ಎನ್ನಲು ಎಷ್ಟು ಉಸಿರು ಬೇಕು?

ಅಂದಿನಿಂದ ಅದೇ ರೂಢಿಯಾಯಿತು. ನನಗೆ ಕಾಮಾಲೆಯಾಯಿತು, ಇವನು ಶೆಡ್ಡಿಗೆ ಹೋದ. ನನ್ನ ಕೈಕೆಳಗೆ ಶಾರ್ಟ್‌ಹ್ಯಾಂಡ್ ಕಲಿತ ಹುಡುಗಿಗೆ ನನ್ನ ಪ್ರಮೋಷನ್ ಹೋಯಿತು, ಶೆಡ್ಡಿಗೆ ಹೋದ. ಅಪ್ಪ ಹೋದಾಗಲೂ ಅಷ್ಟೇ. ಅಮ್ಮ ತೀರಿಕೊಂಡಾಗ ಹದಿಮೂರನೆಯ ದಿನದವರೆಗೆ ಕರ್ತವ್ಯವೆಲ್ಲ ಮಾಡಿದ, ಹದಿನಾಲ್ಕನೆಯ ದಿನ ನಾನು ಖಾಲಿ ಮನೆಯಲ್ಲಿ ಯಾರ ಮುಖ ನೋಡಲಿ ಎಂದು ಹುಡುಕಿದರೆ ಹಿತ್ತಲಿಂದ ಸರ್ರ್, ಸರ್ರ್.

ಐವತ್ತೊಂದನೆಯ ವಯಸ್ಸಿಗೆ ನನ್ನ ಎದೆಗೆ ಆಪರೇಷನ್ ಆಯಿತು. ಒಂದು ಭಾಗ ತೆಗೆದರು. ಅಕ್ಕಪಕ್ಕದ ಹಾಸಿಗೆಯವರಿಗೆ ಗಂಡಂದಿರು, ಅಣ್ಣತಮ್ಮಂದಿರು ಕಿತ್ತಳೆ ಸುಲಿದು ಬಾಯಿಗಿಡುತ್ತಿದ್ದರು. ಇವನು ದಿನವೂ ವಿಸಿಟಿಂಗ್ ಅವರ್ಸ್‌ಗೆ ಸರಿಯಾಗಿ ಬಂದು, ಕಿಟಕಿಯ ಹತ್ತಿರ ನಿಂತು, ಫ್ಲಾಸ್ಕ್ ಬದಲಾಯಿಸಿ, "ಬರ್ತೀನಿ" ಎಂದು ಹೊರಡುತ್ತಿದ್ದ. ಬೆರಳ ಸಂದಿಯಲ್ಲಿ ಬಿದಿರಿನ ಪುಡಿ. ಪಕ್ಕದ ಹಾಸಿಗೆಯವರು, "ನಿಮ್ ತಮ್ಮ ಕಾರ್ಪೆಂಟರಾ?" ಎಂದು ಕೇಳಿದರು. ಹೌದು ಅಂದುಬಿಟ್ಟೆ. ಸಮಜಾಯಿಷಿ ಕೊಡಲು ಶಕ್ತಿಯಿರಲಿಲ್ಲ.

ಒಮ್ಮೆ ನೇರವಾಗಿಯೇ ಕೇಳಿದೆ. "ನಾನು ಸತ್ತೋದ್ರೆ ಏನೋ ಮಾಡ್ತೀಯ?" "ಹಾಗೆಲ್ಲ ಮಾತಾಡ್ಬೇಡ" ಎಂದು ಎದ್ದು ಹೋದ. ಎಲ್ಲಿಗೆ ಎಂದು ಬೇರೆ ಹೇಳಬೇಕೇ?

ಎರಡು ವರ್ಷದ ಹಿಂದೆ ನಾನು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ಇವನ ಕೈ ನಡುಗುವುದೂ ಆಗಲೇ ಶುರುವಾಗಿತ್ತು. ಸುಮ್ಮನೆ ತೊಡೆಯ ಮೇಲಿಟ್ಟರೂ ಬಲಗೈ ತಾನೇ ತಾನಾಗಿ ಅದುರುತ್ತಿತ್ತು. ಆ ಕೈ ಇಟ್ಟುಕೊಂಡೂ ಶೆಡ್ಡಿಗೆ ಹೋದ. ಆ ಸಲ ಮೂರು ತಿಂಗಳಿಗೆ ಮುಗಿಯುವ ಕೋಲಿಗೆ ಹತ್ತು ತಿಂಗಳು ಹಿಡಿಯಿತು. ಅದು ಹನ್ನೊಂದನೆಯದು, ಕೊನೆಯದು. ಈಗ ಇವನ ಅಂಗಿಯ ಗುಂಡಿಯನ್ನು ನಾನೇ ಹಾಕುತ್ತೇನೆ. ಹಾಕುವಾಗ ಇಬ್ಬರೂ ಗೋಡೆ ನೋಡುತ್ತೇವೆ.

ಈ ವರ್ಷ ನಮ್ಮ ಮನೆಯನ್ನು ಬಿಲ್ಡರ್‌ಗೆ ಬಿಟ್ಟುಕೊಡಬೇಕಾಯಿತು. ಯಲಹಂಕ ನ್ಯೂ ಟೌನಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ನೋಡಿದೆವು. ಅಲ್ಲಿ ಹಿತ್ತಲೂ ಇಲ್ಲ, ಶೆಡ್ಡೂ ಇಲ್ಲ. ಹಾಲಿನಲ್ಲಿ ಉಳಿದದ್ದು ಒಂದು ಮೂಲೆ. ಅಲ್ಲಿ ನನ್ನ ಗಾಜಿನ ಷೋಕೇಸ್ ನಿಲ್ಲಬಹುದು, ಇಲ್ಲವೇ ಈ ಹನ್ನೊಂದು ಕೋಲುಗಳು. ಕೋಲುಗಳು ಎರಡೆರಡು ತುಂಡಾಗಿ, ನಾಲ್ಕಡಿಯ ಪಿವಿಸಿ ಪೈಪುಗಳೊಳಗೆ ಇರುತ್ತವೆ. ಷೋಕೇಸಿನಲ್ಲಿ ನಾನು ಕಾನ್ವೆಂಟಿನ ಎಲೊಕ್ಯೂಷನ್ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು, ಸಿಸ್ಟರ್ ಒಬ್ಬರು ಕೊಟ್ಟ ಪಿಂಗಾಣಿ ಕುರುಬಹುಡುಗಿ. ನನ್ನದೆಂದು ಹೇಳಿಕೊಳ್ಳಲು ಇರುವುದೇ ಅಷ್ಟು. ಹೇಳಿಯೇಬಿಟ್ಟೆ.

"ನೋಡೋ, ಐವತ್ತು ವರ್ಷ ಸಹಿಸ್ಕೊಂಡಿದ್ದೀನಿ. ಆ ಪೈಪುಗಳು ಹೊಸ ಮನೆಗೆ ಬರ್‌ಕೂಡ್ದು. ಯಾರಿಗಾದ್ರೂ ಕೊಟ್ಬಿಡು."

ಇವನು ನನ್ನ ಕಡೆ ತಿರುಗಿದ. "ನಿಜವಾಗ್ಲೂ ಹೇಳ್ತಿದ್ದೀಯಾ? ಕೊಟ್ಬಿಡ್ಲಾ?"

"ಬಾಂಡ್ ಪೇಪರಲ್ಲಿ ಬರ್ಕೊಡ್ಲೇನು?"

"ಬೇಡ. ನೀನು ಬಾಯಲ್ಲಿ ಹೇಳಿದ್ರೆ ಸಾಕು," ಅಂದ. ಆಮೇಲೆ, "ಆದ್ರೆ ಗೊತ್ತಿರೋರ ಕೈಗೇ ಕೊಡ್ಬೇಕು ಅಕ್ಕ. ಇಂಥಾ ಕೋಲು ಇಷ್ಟಪಡೋರನ್ನ ಒಂದ್ಸಲ ಕರೆಯೋಣ. ಸುಮ್ನೆ, ಕ್ಯಾಶುಯಲ್ಲಾಗಿ. ಬಂದೋರು ಬೀಸಿ ನೋಡ್ಲಿ, ಬೇಕಾದ್ದು ತಗೊಂಡೋಗ್ಲಿ."

"ಯಾರೂ ಬರದಿದ್ರೆ?"

"ಸೋಮವಾರ ಗುಜರಿಯವನು ಬರ್ತಾನಲ್ಲ."

ಐವತ್ತು ವರ್ಷದಲ್ಲಿ ಇವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಆ ಬೆರಗಿಗೇ ನಾನು ಆಮಂತ್ರಣ ಬರೆಯಲು ಒಪ್ಪಿಕೊಂಡೆ. ಇಂಗ್ಲಿಷಿನಲ್ಲಿ, ಹೇಗೆ ಬರೆಯಬೇಕೋ ಹಾಗೆ: "ದಿ ಪ್ಲೆಷರ್ ಆಫ್ ಯುವರ್ ಕಂಪನಿ ಈಸ್ ರಿಕ್ವೆಸ್ಟೆಡ್ ಅಟ್ ಎ ಕ್ಯಾಶುಯಲ್ ಗ್ಯಾದರಿಂಗ್ ಆಫ್ ಬ್ಯಾಂಬೂ ಫ್ಲೈ ರಾಡ್ ಎಂಥೂಸಿಯಾಸ್ಟ್ಸ್." ಕೆಳಗೆ ಭಾನುವಾರ ಬೆಳಿಗ್ಗೆ ಎಂಟು ಗಂಟೆ, ಹೆಸರಘಟ್ಟದ ಹುಲ್ಲುಗಾವಲು, ಆರ್‌ಎಸ್‌ವಿಪಿ, ಡ್ರೆಸ್ ಇನ್‌ಫಾರ್ಮಲ್.

"ಕ್ಯಾಶುಯಲ್ ಅಂದ್ಮೇಲೆ ಡ್ರೆಸ್ ಯಾಕ್ ಹೇಳ್ಬೇಕು?" ಅಂದ.

"ಹೇಳದಿದ್ರೆ ಜನ ಚಡ್ಡಿ ಹಾಕ್ಕೊಂಡ್ ಬರ್ತಾರೆ ಕಣೋ."

ನನ್ನ ವಾಕಿಂಗ್ ಗ್ರೂಪು, ಹೊಸ ಅಪಾರ್ಟ್‌ಮೆಂಟಿನ ಗ್ರೂಪು, ಶಾಲೆಯ ಗೆಳತಿಯರ ಗ್ರೂಪು, ಎಲ್ಲದಕ್ಕೂ ವಾಟ್ಸಾಪ್ ಮಾಡಿದೆ. ಉತ್ತರಗಳು ಬಂದವು. ಒಬ್ಬರು "ಬ್ಯಾಂಬೂ ಬಿರಿಯಾನಿ ಇರುತ್ತಾ?" ಎಂದು ಕೇಳಿದರು. ಇನ್ನೊಬ್ಬರು ಕರ್ಟನ್ ರಾಡ್ ಎಂದೇ ತಿಳಿದು ಆರಡಿಯದು ಬೇಕೆಂದರು. ಮತ್ತೊಬ್ಬರು ಏನನ್ನೂ ಓದದೆ "ಹ್ಯಾಪಿ ಬರ್ತ್‌ಡೇ ಆಂಟಿ" ಹಾಕಿದರು. ಹತ್ತೊಂಬತ್ತು ಜನ ಹೆಬ್ಬೆರಳು ಎತ್ತಿದರು. ಹೆಬ್ಬೆರಳು ಎಂದರೆ ಬರುತ್ತೇವೆ ಎಂದರ್ಥವೇ, ನೋಡಿದೆವು ಎಂದರ್ಥವೇ? ನಮ್ಮ ಕಾಲದಲ್ಲಿ ಆರ್‌ಎಸ್‌ವಿಪಿಗೆ ಒಂದು ಮರ್ಯಾದೆಯಿತ್ತು. ಇಪ್ಪತ್ತು ಜನಕ್ಕೆ ಆಗುವಷ್ಟು ಖಾರಾಬಾತ್ ಮಾಡಿದೆ. ಅಂಚು ಕತ್ತರಿಸಿ ಸೌತೆಕಾಯಿ ಸ್ಯಾಂಡ್‌ವಿಚ್ಚೂ ಮಾಡಿದೆ. ಇವನು ಇಸ್ತ್ರಿ ಮಾಡಿದ ಅಂಗಿಯನ್ನು ಕೈಯಲ್ಲಿ ಹಿಡಿದು ಆರು ಗಂಟೆಗೇ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಗುಂಡಿ ಹಾಕಿದೆ.

ಹನ್ನೊಂದು ಪಿವಿಸಿ ಪೈಪುಗಳನ್ನು ನೋಡಿ ಕ್ಯಾಬ್ ಓಡಿಸುವ ಹುಡುಗ, "ಸಾರ್ ಪ್ಲಂಬರಾ ಅಜ್ಜಿ?" ಅಂದ.

"ಅಲ್ಲಪ್ಪ. ಅದರಲ್ಲಿ ಮೀನು ಹಿಡಿಯೋ ಕೋಲಿದೆ."

"ಓ ಸೂಪರ್. ಯಾವ ಮೀನು ಹಿಡೀತೀರ ಸಾರ್?"

"ಹಿಡಿಯಲ್ಲ," ಅಂದ ನನ್ನ ತಮ್ಮ.

ಹೆಸರಘಟ್ಟ ಬರುವವರೆಗೂ ಆ ಹುಡುಗ ಕನ್ನಡಿಯಲ್ಲಿ ನಮ್ಮನ್ನು ಆಗಾಗ ನೋಡುತ್ತಿದ್ದ.

ಹುಲ್ಲಿನ ಮೇಲೆ ನನ್ನ ಹಳೆಯ ಬೆಡ್‌ಷೀಟ್ ಹಾಸಿ, ಇವನು ಕೋಲುಗಳನ್ನು ಒಂದೊಂದಾಗಿ ತೆಗೆದು ಜೋಡಿಸಿಟ್ಟ. ಎಂಟೂವರೆಯಾಯಿತು. ಹಸು ಮೇಯಿಸುವ ಮುದುಕ ಒಬ್ಬ ಬಂದು ನಿಂತ.

"ಮೀನ್ ಇಡಿಯಕ್ಕಾ? ಈ ಕಡೆ ನೀರೇ ಇಲ್ವಲ್ಲಮ್ಮ."

"ನೀರು ಬೇಡ," ಅಂದೆ.

"ಮತ್ತೆ ಮೀನು?"

"ಅದೂ ಬೇಡ."

ಅವನು ಹಸುವಿನ ಬೆನ್ನು ತಟ್ಟಿ, "ನಡಿಯವ್ವ. ಇಂಗೂ ಜನ ಅವ್ರೆ," ಎಂದು ಹೇಳಿ ಹೋದ.

ಒಂಬತ್ತಾಯಿತು. ಯಾರೋ ಗಂಡ ಹೆಂಡತಿ ಕಾರಿನಲ್ಲಿ ಬಂದರು. ಬಾಲ್ಕನಿಗೆ ಬಿದಿರಿನ ತಟ್ಟಿ ಬೇಕಿತ್ತಂತೆ. ಇಲ್ಲ ಎಂದಾಗ ಮುಖ ಸಣ್ಣ ಮಾಡಿಕೊಂಡು ಎರಡು ಪ್ಲೇಟ್ ಖಾರಾಬಾತ್ ತಿಂದು ಹೋದರು. ಒಂಬತ್ತೂವರೆಯಾಯಿತು. ಇವನು ನೆಟ್ಟಗೆ ನಿಂತೇ ಇದ್ದ. ರಸ್ತೆಯ ಕಡೆ ನೋಡುವುದು, ಬೆಡ್‌ಷೀಟ್ ಕಡೆ ನೋಡುವುದು. ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದಂಥ ಕೋಪ. ಹತ್ತೊಂಬತ್ತು ಹೆಬ್ಬೆರಳುಗಳ ಮೇಲಿರಬೇಕು. ನನ್ನನ್ನು ಹೀಗೆ ಕಾಯಿಸಿದವನನ್ನು ಈಗ ಯಾರೋ ಕಾಯಿಸುತ್ತಿದ್ದಾರೆ, ನೋಡಿ ಸಂತೋಷಪಡಬೇಕಿತ್ತು. ಪಡಲಾಗಲಿಲ್ಲ ಎಂಬುದಕ್ಕೂ ಕೋಪ.

ಹತ್ತಕ್ಕೆ ಒಂದು ಸ್ಕೂಟರ್ ಬಂತು. ಇಳಿದವರು ನಿವೃತ್ತ ವಿಂಗ್ ಕಮಾಂಡರ್, ಜಕ್ಕೂರಿನಲ್ಲಿ ಮನೆ. ನನ್ನ ವಾಕಿಂಗ್ ಗ್ರೂಪಿನ ಯಾರದೋ ಭಾವ. ಬೆನ್ನಿಗೆ ಉದ್ದನೆಯ ಬಟ್ಟೆಚೀಲ. ಅದರೊಳಗೆ ಅವರ ಮಾವನವರ ಬಿದಿರು ಕೋಲಿತ್ತು! ನನ್ನ ತಮ್ಮನ ಮುಖ ನೀವು ನೋಡಬೇಕಿತ್ತು. ಇಬ್ಬರೂ ಹೆಸರು ಕೂಡ ಕೇಳಿಕೊಳ್ಳದೆ ನೇರ ಗಂಟು, ಕಟ್ಟು, ತೌ ಎಂದು ಶುರುಹಚ್ಚಿಕೊಂಡರು.

ಆಮೇಲೆ ಇವನು ಒಂದು ಕೋಲು ಎತ್ತಿಕೊಂಡ. ಆಶ್ಚರ್ಯವೆಂದರೆ, ತೊಡೆಯ ಮೇಲೆ ಅದುರುವ ಕೈ ಕೋಲು ಬೀಸುವಾಗ ಅದುರಲಿಲ್ಲ. ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಉದ್ದಕ್ಕೆ ಮಲಗಿ, ಮುಂದೆ ಬಂದು, ಕೆಂಪು ಉಣ್ಣೆ ಹುಲ್ಲಿನ ತುದಿಯ ಮೇಲೆ ಕುಳಿತಿತು.

"ಸರ್, ಮೂವತ್ತು ವರ್ಷ ಪ್ಲೇನ್ ಹಾರಿಸಿದ್ದೀನಿ," ಅಂದರು ಕಮಾಂಡರ್. "ಇಷ್ಟ್ ಸ್ಮೂತಾಗಿ ಒಂದ್ ದಿನಾನೂ ಇಳಿಸ್ಲಿಲ್ಲ."

"ಯಾವ್ದು ಬೇಕೋ ತಗೊಳ್ಳಿ," ಅಂದ ಇವನು. "ಎಲ್ಲಾ ಬೇಕಾದ್ರೂ ತಗೊಳ್ಳಿ."

ಕಮಾಂಡರ್ ಒಂದನ್ನು ಆರಿಸಿ, ಬೀಸಿ, ಇನ್ನೊಮ್ಮೆ ಬೀಸಿ, ಜೇಬಿನಿಂದ ಕನ್ನಡಕ ತೆಗೆದು ಹಿಡಿಯ ಮೇಲ್ಭಾಗವನ್ನು ಕಣ್ಣಿನ ಹತ್ತಿರ ಹಿಡಿದರು. ಓದಿದರು. ಕೋಲನ್ನು ಎರಡೂ ಕೈಯಿಂದ ಬೆಡ್‌ಷೀಟಿನ ಮೇಲೆ ವಾಪಸಿಟ್ಟರು.

"ಸಾರಿ ಸರ್. ಇದಕ್ಕೆ ಹೆಸರು ಬರ್ದಿದೆ. ಬೇರೆಯವರಿಗೆ ಅಂತ ಮಾಡಿದ್ದು. ಹೆಸರಿರೋ ಕೋಲನ್ನ ಅವರನ್ನ ಕೇಳ್ದೆ ಇನ್ನೊಬ್ರು ತಗೊಳ್ಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ. ನಮ್ಮ ಮಾವ ಈ ವಿಷಯದಲ್ಲಿ ತುಂಬಾ ಸ್ಟ್ರಿಕ್ಟು. ಬೇರೇದು ನೋಡ್ತೀನಿ."

ಬೇರೆಯದನ್ನು ನೋಡಿದರು. ಇಟ್ಟರು. ಮೂರನೆಯದು, ನಾಲ್ಕನೆಯದು. ಅವರ ಹುಬ್ಬು ಮೇಲೆ ಹೋಗುತ್ತಲೇ ಇತ್ತು.

"ಎಲ್ಲಾದ್ರ ಮೇಲೂ ಒಂದೇ ಹೆಸರಿದ್ಯಲ್ಲ ಸರ್. 'ಅಕ್ಕನಿಗೆ.' ಯಾರು ಈ ಅಕ್ಕ?"

ನಾನು ಸ್ಯಾಂಡ್‌ವಿಚ್ ಡಬ್ಬಿ ಹಿಡಿದು ನಿಂತಿದ್ದೆ. ಡಬ್ಬಿ ಕೆಳಗಿಟ್ಟೆ. ನನ್ನ ಸೊಂಟ ಬಗ್ಗುವುದಿಲ್ಲವೆಂದು ಕಮಾಂಡರ್ ಒಂದೊಂದೇ ಕೋಲನ್ನು ಎತ್ತಿ ಕೊಟ್ಟರು, ನಾನು ಕನ್ನಡಕ ಹಾಕಿಕೊಂಡು ಓದಿದೆ. ವಾರ್ನಿಷಿನ ಕೆಳಗೆ ಅಕ್ಕಿಕಾಳಿಗಿಂತ ಸಣ್ಣ ಅಕ್ಷರ. ಮೊದಲು "ಅಕ್ಕನಿಗೆ", ಆಮೇಲೆ ಉದ್ದ ಎಷ್ಟೆಂದು, ಆಮೇಲೆ ತಿಂಗಳು ಮತ್ತು ಇಸವಿ. ಅಷ್ಟೇ. ತಿಂಗಳುಗಳನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಾಗದ ಬಂದು ಮೂರು ತಿಂಗಳಿಗೆ ಒಂದು. ಕಾಮಾಲೆಗೊಂದು. ಪ್ರಮೋಷನ್ ತಪ್ಪಿದ ವರ್ಷಕ್ಕೊಂದು. ಅಪ್ಪ ಹೋದ ವರ್ಷದ್ದು, ಅಮ್ಮ ಹೋದ ವರ್ಷದ್ದು. ನಾನೇ ಮರೆತಿದ್ದ ಸಣ್ಣ ಪೆಟ್ಟುಗಳಿಗೂ ಒಂದೊಂದು. ಆಪರೇಷನ್ನಿನದು, ಎಲ್ಲಕ್ಕಿಂತ ಹಗುರ, ಎತ್ತಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ. ಕೊನೆಯದರ ಅಕ್ಷರಗಳು ಗೆರೆ ಬಿಟ್ಟು ಓಡಾಡಿದ್ದವು. "ಅಕ್ಕನಿಗೆ" ಎನ್ನುವುದನ್ನು ಎರಡು ಸಲ ಕೆರೆದು ಮೂರನೆಯ ಸಲ ಬರೆದ ಗುರುತಿತ್ತು.

ಹನ್ನೊಂದನ್ನೂ ಓದಿ ಮುಗಿಸಿ ತಲೆಯೆತ್ತಿದೆ. ಕಮಾಂಡರ್ ಪುಣ್ಯಾತ್ಮರು, ತಮ್ಮ ಸ್ಕೂಟರಿನ ಟಯರನ್ನು ಪರೀಕ್ಷಿಸಲು ಹೋಗಿದ್ದರು.

"ಹೇಳ್ಬಾರ್ದಾಗಿತ್ತೇನೋ?" ಅಂದೆ.

"ಬರ್ದಿದ್ನಲ್ಲ."

"ಬರ್ದಿದ್ಯಂತೆ. ಇರುವೆ ಓದೋ ಹಾಗೆ."

"ಪೇಪರಲ್ಲಿ ನೀನು ಟೆಂಡರ್ ನೋಟೀಸೂ ಬಿಡಲ್ಲ ಅಕ್ಕ. ಎಲ್ಲಾರ ತಪ್ಪೂ ತಿದ್ತೀಯ. ಇದನ್ನೂ ಓದಿರ್ತೀಯ ಅಂತ್ಲೇ ಅಂದ್ಕೊಂಡಿದ್ದೆ." ಇವನು ಹುಲ್ಲು ನೋಡುತ್ತಿದ್ದ. "ಓದಿ ಏನೂ ಅನ್ಲಿಲ್ವಲ್ಲ, ಇಷ್ಟ ಆಗ್ಲಿಲ್ವೇನೋ ಅಂತ. ಅದಕ್ಕೇ ಮುಂದಿನ್ ಸಲ ಇನ್ನೊಂಚೂರು ಚೆನ್ನಾಗ್ ಮಾಡ್ದೆ."

"ಹನ್ನೊಂದ್ ಸಲಾನಾ?"

"ಮೊದಲನೇದು ಅಷ್ಟು ಚೆನ್ನಾಗಿರ್ಲಿಲ್ಲ."

"ಮತ್ತೆ ಇವತ್ತು ಊರವರಿಗೆಲ್ಲ ಕೊಡೋಕ್ ಬಂದ್ಯಲ್ಲೋ."

"ನೀನೇ ಹೇಳಿದ್ಯಲ್ಲ, ಕೊಟ್ಬಿಡು ಅಂತ," ಅಂದ. "ನಿನ್ ಕೋಲು. ನೀನ್ ಹೇಳಿದ್ಮೇಲೆ ಮುಗೀತು."

ಎಲ್ಲವನ್ನೂ ಕ್ಷಮಿಸಿಬಿಟ್ಟೆ ಎಂದು ಬರೆದರೆ ನೀವು ಸಂತೋಷಪಡಬಹುದು, ಆದರೆ ಅದು ಸುಳ್ಳು. ಆಸ್ಪತ್ರೆಯಲ್ಲಿ ನನಗೆ ಬೇಕಾಗಿದ್ದದ್ದು ಕಿತ್ತಳೆ ಸುಲಿದುಕೊಡುವ ಒಂದು ಕೈ, ಗಾಳದ ಕೋಲಲ್ಲ. ಅದು ಬೇಕಾಗಿದ್ದದ್ದು ಆಗ, ಈಗಲ್ಲ. ಹಾಗೆಯೇ, ಕಂಡವರ ಕಾಗದಕ್ಕೆಲ್ಲ ಕೆಂಪು ಶಾಯಿ ಹಚ್ಚಿದವಳು ನನ್ನ ಹಿತ್ತಲಲ್ಲೇ ನನ್ನ ಹೆಸರಿಗೆ ಬರೆದ ಹನ್ನೊಂದು ಸಾಲು ಓದಲಿಲ್ಲ ಎಂಬುದೂ ನಿಜ. ಹೇಳಲು ಬಾರದವನೊಬ್ಬ, ನೋಡಲು ಹೋಗದವಳೊಬ್ಬಳು, ಒಂದೇ ಮನೆಯಲ್ಲಿ ಐವತ್ತು ವರ್ಷ. ಮೀನುಗಳನ್ನು ಏನೆಂದು ದೂರಲಿ?

ಕಮಾಂಡರ್ ವಾಪಸು ಬಂದರು. ಕೇಳಿದರು, "ಮೇಡಂ, ಓನರ್ ನೀವು. ಏನ್ ಹೇಳ್ತೀರ?"

"ದಿ ಓನರ್ ಹ್ಯಾಸ್ ಚೇಂಜ್ಡ್ ಹರ್ ಮೈಂಡ್," ಅಂದೆ. "ಭಾನುವಾರ ಬಂದು ಬೀಸಿ. ತಗೊಂಡ್ ಹೋಗೋ ಹಾಗಿಲ್ಲ. ಖಾರಾಬಾತ್ ಬೇಕಾದ್ರೆ ತಗೊಂಡ್ ಹೋಗಿ, ಹದಿನೆಂಟು ಜನದ್ದು ಉಳಿದಿದೆ."

ಸೋಮವಾರ ಗುಜರಿಯವನಿಗೆ ಹೋದದ್ದು ಷೋಕೇಸು. ಕಪ್ಪುಗಳನ್ನು ಒಂದು ಡಬ್ಬಿಗೆ ತುಂಬಿದೆ. ಕುರುಬಹುಡುಗಿಯನ್ನು ಫ್ರಿಜ್ಜಿನ ಮೇಲಿಟ್ಟಿದ್ದೇನೆ, ಅವಳಿಗೇನೂ ಬೇಸರವಿಲ್ಲ. ಆದರೆ ಅದು ಮರುದಿನದ ಮಾತು. ಅವತ್ತು, ಕಮಾಂಡರ್ ಹೊರಟ ಮೇಲೆ, ಇವನು ಆ ಎಲ್ಲಕ್ಕಿಂತ ಹಗುರವಾದ ಕೋಲನ್ನು ನನ್ನ ಕೈಗೆ ಕೊಟ್ಟ. ಹಿಡಿ ಸಣ್ಣದಾಗಿತ್ತು, ನನ್ನ ಅಂಗೈಗೆ ಸರಿಯಾಗಿ. ಯಾವಾಗ ಅಳತೆ ತೆಗೆದುಕೊಂಡನೋ ಕೇಳಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಮೊಣಕೈಯನ್ನು ಹಿಡಿದುಕೊಂಡ. ಅವನ ಕೈ ಅದುರುತ್ತಿತ್ತು, ಅದು ಕೋಲಿನ ತುದಿಯವರೆಗೂ ಹೋಗುತ್ತಿತ್ತು.

"ದಾರ ಹಿಂದೆ ಪೂರ್ತಿ ಬಿಚ್ಕೊಳ್ಳೋವರ್ಗೂ ಕಾಯ್ಬೇಕು ಅಕ್ಕ. ಬಿದಿರು ನಿಧಾನ. ಅವಸರ ಮಾಡಿದ್ರೆ ಗಂಟಾಗುತ್ತೆ."

"ಆಯ್ತು ಅಂತ ನಂಗೆ ಹೇಗ್ ಗೊತ್ತಾಗ್ಬೇಕು?"

"ನಾನ್ ಹೇಳ್ತೀನಿ."

ಹಿಂದಕ್ಕೆ ಬೀಸಿ ಕಾದೆ. ಇವನು ಹೇಳಲಿಲ್ಲ. ಯಾವತ್ತು ಹೇಳಿದ್ದಾನೆ? ಮೊಣಕೈಯನ್ನು ಮೆಲ್ಲಗೆ ಒತ್ತಿದ.